ಕಟ್ಟಿಗೆ ತುಂಡಿನ ಮೇಲಿನ ಇಲಿ

ಪಾರ್ವತಿಬಾಯಿಗೆ ಸಂಶಯ ಬರುವುದಕ್ಕೆ ಕಾರಣವೇನೂ ಬೇಕಾಗಿರಲಿಲ್ಲ. ಕಾರಣ ಸಿಕ್ಕಿತೆಂದರಂತೂ ಅವಳಿಗೆ ಹಬ್ಬ. ಗೌಳಿಗ ಹಾಲು ಹಾಕಿದರೆ ಬೆರಳು ಅದ್ದಿ ನೋಡುವಳು. ಸೊಸೆ ಉಮಾಬಾಯಿ ತವರಿಗೆ ಹೊರಟರೆ ಅವಳ ಗಂಟನ್ನು ಕಣ್ಣಿನಲ್ಲೇ ತೂಗುವಳು. ನೆರೆಮನೆಯವರು ನಕ್ಕರೆ ಯಾಕೆ ನಕ್ಕರು, ನಗದಿದ್ದರೆ ಯಾಕೆ ನಗಲಿಲ್ಲ. ಹಗ್ಗ ಕಂಡು ಹಾವೆಂದು ಹೆದರುವವರು ಊರ ತುಂಬ ಇದ್ದಾರೆ. ಈಕೆ ಆ ಹಗ್ಗವನ್ನು ಅಲ್ಲಿ ಯಾರು ಇಟ್ಟರೆಂದು ಮೂರು ಮನೆ ಕೇಳಿಕೊಂಡು ಬರುವವಳು.

ಇಂಥವಳಿಗೆ ೧೯೭೪ರ ಬೇಸಿಗೆಯಲ್ಲಿ ಖರೇ ಕಾರಣವೊಂದು ಸಿಕ್ಕಿತು. ಅವಳ ಗಂಡ ಸಾತಲಿಂಗಪ್ಪ ದಿನದಿಂದ ದಿನಕ್ಕೆ ಕಟ್ಟಿಗೆಯಾಗುತ್ತಿದ್ದ.

ಸೋಲಾಪುರದ ಮಂಗಳವಾರ ಪೇಟೆಯಲ್ಲಿ ಸಾತಲಿಂಗಪ್ಪನದು ಬೇರುನಾರಿನ ಸಗಟು ವ್ಯಾಪಾರ. ಮುಂದೆ ಅಂಗಡಿ, ಹಿಂದೆ ಮನೆ. ಅಳಲೆಕಾಯಿ, ಹಿಪ್ಪಲಿ, ಬಜೆ, ಅಶ್ವಗಂಧ, ಸರ್ಪಗಂಧ, ಯಾವ ಚೀಲ ಬಿಚ್ಚಿದರೂ ವಾಸನೆ ಅಡುಗೆಮನೆಯ ಸಾರಿನ ತನಕ ಬರುತ್ತಿತ್ತು. ಹಿಂದೆ ಅವನ ಸಿಟ್ಟು ಪೇಟೆಗೆಲ್ಲ ಗೊತ್ತಿತ್ತು. ತೂಕದ ಕಲ್ಲು ಎತ್ತಿ ಒಗೆದನೆಂದರೆ ಅದು ಹಮಾಲನಿಗೆ ಬೀಳುತ್ತದೋ ಹೆತ್ತ ಮಗನಿಗೆ ಬೀಳುತ್ತದೋ ನೋಡುತ್ತಿರಲಿಲ್ಲ. ಮಗ ಬಸಣ್ಣನ ಹುಬ್ಬಿನ ಮೇಲೆ ಅಂಥದೊಂದು ಕಲ್ಲಿನ ಗುರುತು ಹಾಗೇ ಉಳಿದಿತ್ತು.

ಐದಾರು ವರ್ಷದ ಹಿಂದೆ ಆ ಸಿಟ್ಟು ತಣ್ಣಗಾಯಿತು. ವಯಸ್ಸು ಮಾಗಿತು ಎಂದರು ಪೇಟೆಯವರು. ಪೂಜೆಯ ಫಲ ಎಂದರು ಮಠದ ಸ್ವಾಮಿಗಳು. ಇಬ್ಬರದೂ ಸುಳ್ಳು. ನಿಜ ಸಂಗತಿ ಪಾರ್ವತಿಬಾಯಿಯ ಅಡುಗೆಮನೆಯಲ್ಲಿ, ಉಪ್ಪಿನ ಭರಣಿಯ ಹಿಂದಿನ ಡಬ್ಬಿಯಲ್ಲಿತ್ತು. ಅವಳ ತವರು ಚಪಳಗಾಂವ. ತಲೆಕೆಟ್ಟವರಿಗೆ, ನಿದ್ದೆ ಬಾರದವರಿಗೆ, ಸಿಟ್ಟಿನ ಗಂಡಸರಿಗೆ ಸರ್ಪಗಂಧದ ಬೇರು ಕುಟ್ಟಿ ಹಾಲಿನಲ್ಲಿ ಕೊಡುವುದನ್ನು ಅವಳು ಅವ್ವನಿಂದ ಕಲಿತಿದ್ದಳು. ಅಂಗಡಿಯಲ್ಲಿ ಚೀಲಗಟ್ಟಲೆ ಬಿದ್ದ ಬೇರು. ಗಂಡ ಮಲಗುವ ಮುಂಚೆ ಕುಡಿಯುವ ಹಾಲಿಗೆ ಒಂದು ಚಿಟಿಕೆ ಹಾಕಿ ನೋಡಿದಳು. ಬೆಲ್ಲ, ಏಲಕ್ಕಿಯ ಮುಂದೆ ಕಹಿ ನಿಲ್ಲಲಿಲ್ಲ. ಜನ್ಮವೆಲ್ಲ ಬೇರಿನ ಧೂಳು ನುಂಗಿದ ನಾಲಿಗೆಗೆ ರುಚಿಯಾದರೂ ಎಲ್ಲಿಂದ ತಿಳಿಯಬೇಕು?

ಕೆಲವೇ ದಿನದಲ್ಲಿ ಮನೆ ಮನೆಯಾಯಿತು. ಗಂಡ ಕೂತು ಮಾತಾಡಿದ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ, ಒಮ್ಮೆ "ಭಜಿ ಛಲೋ ಆಗ್ಯಾವ" ಎಂದೂ ಅಂದ. ಅರ್ಧ ಆಯುಷ್ಯ ಹೆದರಿಕೆಯಲ್ಲಿ ಕಳೆದವಳಿಗೆ ಸಂಸಾರದ ಸುಖ ಎಂದರೇನೆಂದು ಆಗ ತಿಳಿಯಿತು. ಆ ಡಬ್ಬಿ ಬರಿದಾಗಲು ಅವಳು ಬಿಡುತ್ತಾಳೆಯೇ? ಗಂಡನಿಗೆ ಹೇಳುವಂತಿರಲಿಲ್ಲ. ಉಳಿದವರಿಗೆ ಹೇಳುವಂಥದ್ದು ಏನಿದೆ ಎಂದೂ ಅನ್ನಿಸಲಿಲ್ಲ. ಚಿಟಿಕೆ ಹಾಕುವುದು ಉಪ್ಪು ಹಾಕಿದಷ್ಟೇ ರೂಢಿಯಾಗಿ, ಕೊನೆಗೆ ಅವಳೇ ಅದನ್ನು ಮರೆತ ಹಾಗಾಗಿತ್ತು.

ಈಗ ನೋಡಿ, ಎರಡು ವರ್ಷದಿಂದ ಸಾತಲಿಂಗಪ್ಪನ ಎಡಗೈ ಹೆಬ್ಬೆರಳು ತಾನಾಗಿ ಆಡತೊಡಗಿತ್ತು, ಕಾಳು ಹಿಸುಕಿ ನೋಡುವವನ ಹಾಗೆ. ಆಮೇಲೆ ಕೈ ನಡುಗಿತು. ಹೆಜ್ಜೆ ಸಣ್ಣದಾಯಿತು. ಹೊಸ್ತಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿಕೊಂಡು ನಿಂತುಬಿಡುವನು. ಮುಖದಲ್ಲಿ ನಗುವೂ ಹೋಯಿತು, ಸಿಟ್ಟೂ ಹೋಯಿತು. ಕಣ್ಣು ಮಾತ್ರ ಹೊರಳುತ್ತಿತ್ತು. ಗಂಡನ ಮುಖ ಓದಿಯೇ ದಿನ ದೂಡಿದ ಹೆಂಗಸು ಪಾರ್ವತಿಬಾಯಿ. ಆ ಮುಖದಲ್ಲಿ ಏನೂ ಕಾಣದಿದ್ದಾಗ ಅವಳಿಗೆ ಹಿಂದಿನ ಸಿಟ್ಟಿಗಿಂತ ಹೆಚ್ಚು ಹೆದರಿಕೆಯಾಯಿತು.

ಎಲ್ಲಕ್ಕಿಂತ ಕಠಿಣವಾದದ್ದು ಪೂಜೆ. ಬೆಳಿಗ್ಗೆ ಮಿಂದು, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟು, ವಿಭೂತಿ ಪತ್ರಿ ಏರಿಸಿ ಕಣ್ಣು ನೆಟ್ಟು ಕೂಡಬೇಕು. ಅದು ಮುಗಿಯದೆ ಬಾಯಿಗೆ ಹನಿ ನೀರಿಲ್ಲ. ಎಂಟನೆಯ ವಯಸ್ಸಿನಲ್ಲಿ ಕಟ್ಟಿಸಿಕೊಂಡ ಲಿಂಗ. ಎಂಥ ಸಿಟ್ಟಿನ ದಿನದಲ್ಲೂ ಆ ಅಂಗೈ ಅಲುಗಿದ್ದಿಲ್ಲ. ಈಗ ಲಿಂಗ ಅಂಗೈಯಲ್ಲಿ ಕುಣಿಯುತ್ತಿತ್ತು. ಒಂದು ದಿನ ಅವನು ತಡವರಿಸುವ ದನಿಯಲ್ಲಿ ಹೇಳಿಬಿಟ್ಟ: "ಇದು ನನ್ನ ಕೈಯಾಗ ನಿಲ್ಲದ ದಿನಾ ನನ್ನ ಊಟಾ ಬಂದ್. ಯಾರೂ ಒತ್ತಾಯ ಮಾಡಬ್ಯಾಡ್ರಿ." ಸಾತಲಿಂಗಪ್ಪ ಆಡಿದ್ದನ್ನು ಮಾಡದೆ ಬಿಟ್ಟವನಲ್ಲ. ಅಂದಿನಿಂದ ಪಾರ್ವತಿಬಾಯಿಗೆ ಗಂಡನ ಜೀವ ಆ ಎಡಗೈಯಲ್ಲಿ ಕಾಣತೊಡಗಿತು.

ಆಗ ಬಂದವನು ಶಿವಶರಣಪ್ಪ, ಸಾತಲಿಂಗಪ್ಪನ ತಂಗಿಯ ಮಗ. ಅಕ್ಕಲಕೋಟದ ಹೊಲಮನೆಯ ಹುಡುಗ, ಔಷಧಶಾಸ್ತ್ರ ಓದಿ ಸೋಲಾಪುರದ ಕಾಲೇಜೊಂದರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡುತ್ತಿದ್ದ. ಸೋದರಮಾವ ಹೊಸ್ತಿಲಲ್ಲಿ ಅಂಟಿ ನಿಂತದ್ದನ್ನು ನೋಡಿ ಮುಖ ಸಣ್ಣ ಮಾಡಿಕೊಂಡ. ಮರುದಿನವೇ ತನ್ನ ಪರಿಚಯದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದ. ಜೊತೆಗೆ ಪಾರ್ವತಿಬಾಯಿಯೂ ಹೋದಳು. ಅವಳು ಗಂಡನನ್ನು ಒಬ್ಬನನ್ನೇ ಬೇರೆಯವರ ಕೈಯಲ್ಲಿ ಬಿಡುವವಳಲ್ಲ.

ಡಾಕ್ಟರರು ಕೈ ಮಡಿಸಿದರು, ಬಿಡಿಸಿದರು, ನಡೆಸಿ ನೋಡಿದರು. ಆಮೇಲೆ ಅವಳ ಕಡೆ ತಿರುಗಿ "ಘರೀ ಕಾಹೀ ಔಷಧ ಚಾಲೂ ಆಹೇ ಕಾ?" ಎಂದರು. ಮನೆಯಲ್ಲಿ ಏನಾದರೂ ಔಷಧ ನಡೆದಿದೆಯೇ ಎಂದು ಕೇಳಿದ್ದು. ಪಾರ್ವತಿಬಾಯಿ ಸೆರಗು ಸರಿಮಾಡಿಕೊಂಡು "ಕಾಹೀ ನಾಹೀ", ಏನೂ ಇಲ್ಲ, ಎಂದಳು. ಬೇಕೆಂದೇ ಸುಳ್ಳು ಹೇಳಿದಳೆಂದು ತಿಳಿಯಬೇಡಿ. ಬೇರಿನ ಅಂಗಡಿಯ ಮನೆಯಲ್ಲಿ ಔಷಧವೆಂದರೆ ಬಾಟಲಿಯಲ್ಲಿ ಬರುವುದು, ಡಾಕ್ಟರು ಬರೆದು ಕೊಡುವುದು. ತಮ್ಮದೇ ಚೀಲದಿಂದ ಚಿಟಿಕೆ ತೆಗೆದದ್ದು ಮನೆಯ ಮಾಲು. ಪಾನಂಗಡಿಯವನ ಹೆಂಡತಿಯನ್ನು ದಿನಕ್ಕೆ ಏನು ತಿನ್ನುತ್ತೀ ಎಂದು ಕೇಳಿದರೆ ಅಡಿಕೆ ಎಂದು ಹೇಳುವಳೇ?

ಡಾಕ್ಟರರು ಬಿಳಿ ಗುಳಿಗೆ ಬರೆದುಕೊಟ್ಟರು. ಗುಳಿಗೆ ಕೆಲಸ ಮಾಡಿತು. ಕೆಲವು ದಿನ ಸಾತಲಿಂಗಪ್ಪ ಹೊಸ್ತಿಲು ದಾಟಿದ, ಲಿಂಗ ಅಂಗೈಯಲ್ಲಿ ಅಷ್ಟಿಷ್ಟು ನಿಂತಿತು. ಆಮೇಲೆ ಬಾಯಿ ಒಣಗಿತು, ಕಣ್ಣು ಮಂಜಾಯಿತು. ಒಂದು ಮಧ್ಯಾಹ್ನ ಮಾಳಿಗೆಯ ತೊಲೆ ನೋಡುತ್ತ "ಆ ಹಮಾಲರನ್ನ ಕೆಳಗ ಇಳಸು, ಬಿದ್ದಾರು" ಎಂದ. ತೊಲೆಯ ಮೇಲೆ ಯಾರೂ ಇರಲಿಲ್ಲ. ಹಾಸಿಗೆಯ ಮೇಲೆ ಇಲ್ಲದ ಇರುವೆಗಳನ್ನು ಆರಿಸಿದ. ಉಮಾಬಾಯಿ ನೀರು ತಂದರೆ ಇವಳು ಯಾರು ಎಂದು ಕೇಳಿದ.

ಪಾರ್ವತಿಬಾಯಿ ಶಿವಶರಣಪ್ಪನನ್ನು ಅಂಗಡಿಯ ಮೂಲೆಯಲ್ಲಿ ಹಿಡಿದಳು.

"ಗುಳಿಗಿಯಾಗ ಏನದ? ಖರೇ ಹೇಳು."

"ಅತ್ತಿ, ಅದು ಮೆದುಳಿನ್ಯಾಗ ಒಂದು ಜಾಗಾ ಮುಚ್ಚತದ. ಮದಗುಣಕಿ ಬೀಜ ಮಾಡೋ ಕೆಲಸನ ಮಾಡತದ, ಆದ್ರ ಹಿಡತದಾಗ. ಮಾವಗ ಸ್ವಲ್ಪ ಜಾಸ್ತಿ ಆಗ್ಯದ. ಡಾಕ್ಟರಿಗೆ ಹೇಳಿ ಕಮ್ಮಿ ಮಾಡಸ್ತೀನಿ."

ಹುಡುಗ ಓದಿದ್ದು ಬಹಳ, ಆದರೆ ಹೆಂಗಸರ ಮುಂದೆ ಯಾವ ಮಾತು ಆಡಬೇಕು, ಯಾವುದನ್ನು ನುಂಗಬೇಕು ಎಂಬುದನ್ನು ಓದಿರಲಿಲ್ಲ. ಅವನು ಹೇಳಿದ್ದರಲ್ಲಿ ಪಾರ್ವತಿಬಾಯಿಯ ಕಿವಿಗೆ ಬಿದ್ದದ್ದು ಮದಗುಣಕಿ, ಅಂದರೆ ದತ್ತೂರಿ, ಒಂದೇ. ರೈಲಿನಲ್ಲಿ ಚಹಾದಲ್ಲಿ ಮದಗುಣಕಿ ಕೊಟ್ಟು ಒಡವೆ ದೋಚುವ ಕಳ್ಳರ ಕಥೆ ಸೋಲಾಪುರದ ಕೂಸಿಗೂ ಗೊತ್ತು. ಅದನ್ನು ಕುಡಿದವನು ತೊಲೆಯ ಮೇಲೆ ಹಮಾಲರನ್ನು ನೋಡದೆ ಇನ್ನೇನು ನೋಡುತ್ತಾನೆ? ಸಾಲದ್ದಕ್ಕೆ ಬಸಣ್ಣ ಆ ಸಂಜೆ ಊಟಕ್ಕೆ ಕೂತಾಗ ಸಹಜವಾಗಿ ಹೇಳಿದ: ಶಿವ್ಯಾ ಅಂಗಡಿಯಿಂದ ಮದಗುಣಕಿ ಬೀಜ ಒಯ್ದಿದ್ದಾನೆ, ಬಟ್ಟೆ ಮುಚ್ಚಿದ ಪೆಟ್ಟಿಗೆಗಳನ್ನು ಬಸ್ಸಿನ ಮೇಲೆ ಹೇರಿಸಿ ಅಕ್ಕಲಕೋಟಕ್ಕೆ ಸಾಗಿಸಿದ್ದಾನೆ.

ಪಾರ್ವತಿಬಾಯಿಯ ತಲೆಯಲ್ಲಿ ಲೆಕ್ಕ ಕೂಡಿಬಂತು. ನಾದಿನಿ ಸೋನಾಬಾಯಿಗೆ ತವರಿನ ಹಿಸ್ಸೆ ಸಿಕ್ಕಿಲ್ಲ ಎಂಬ ಹೊಟ್ಟೆಕಿಚ್ಚು. ಮಗನಿಗೆ ಔಷಧದ ವಿದ್ಯೆ. ಮಾವನ ಬುದ್ಧಿ ಕೆಟ್ಟರೆ ಅಂಗಡಿ ಯಾರ ಕೈಗೆ? ಬಸಣ್ಣ ಹಸುವಿನಂಥವನು, ಯಾರು ಹಗ್ಗ ಹಿಡಿದರೂ ಹಿಂದೆ ಹೋಗುತ್ತಾನೆ. ಅವಳು ಗುಳಿಗೆಗಳನ್ನು ಬಚ್ಚಲಿಗೆ ಚೆಲ್ಲಿದಳು. ಪೇಟೆಯ ನಾಲ್ಕು ಮನೆಗೆ ಹೋಗಿ ಶಿವಶರಣಪ್ಪನ ಹೆಸರಿಗೆ ಮಸಿ ಬಳಿದಳು. ಗಂಡನಿಗೂ ಹೇಳಿದಳು. ಅವನ ಬಡಬಡಿಕೆ ಇಳಿಯಲೆಂದು ಹಾಲಿಗೆ ಒಂದರ ಬದಲು ಎರಡು ಚಿಟಿಕೆ ಹಾಕತೊಡಗಿದಳು. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕುವುದು ಎಂದರೆ ಇದೇ.

ಬಡಬಡಿಕೆ ನಿಂತಿತು. ಅದರ ಜೊತೆ ಉಳಿದದ್ದೂ ನಿಂತಿತು. ಸಾತಲಿಂಗಪ್ಪ ಕೂಡಿಸಿದಲ್ಲಿ ಕೂತ, ನಿಲ್ಲಿಸಿದಲ್ಲಿ ನಿಂತ. ಅಂಗಿ ತೊಡಿಸುವಾಗ ಕೈ ಎತ್ತಿ ಹಿಡಿದರೆ, ಅವಳು ಗುಂಡಿ ಹುಡುಕಿ ಬರುವ ತನಕ ಆ ಕೈ ಗಾಳಿಯಲ್ಲಿ ಹಾಗೇ ಇರುತ್ತಿತ್ತು. ಒಂದು ಬೆಳಿಗ್ಗೆ ಪೂಜೆಯಲ್ಲಿ ಅಂಗೈ ವಾಲಿತು, ಲಿಂಗ ಜಾರಿತು. ಪತ್ರಿ ಕೊಡಲು ಬಂದಿದ್ದ ಉಮಾಬಾಯಿ ಬಾಗಿ ಸೆರಗೊಡ್ಡಿದಳು. ನೆಲ ಮುಟ್ಟಲಿಲ್ಲ. ಸಾತಲಿಂಗಪ್ಪನ ಕಣ್ಣಿನಿಂದ ನೀರು ಇಳಿಯಿತು. ಮುಖ ಮಾತ್ರ ಅಲುಗಲಿಲ್ಲ. ಆ ದಿನ ಅವನಿಗೆ ಊಟ ಮಾಡಿಸುವಷ್ಟರಲ್ಲಿ ಮನೆಮಂದಿಗೆಲ್ಲ ಸಾಕುಬೇಕಾಯಿತು. ನೆಲ ಮುಟ್ಟಿಲ್ಲ ಎಂದು ಉಮಾಬಾಯಿ ಆಣೆ ಮಾಡಿದ ಮೇಲೆಯೇ ಅವನು ಬಾಯಿ ತೆರೆದದ್ದು.

ಇನ್ನು ತಡೆಯಬಾರದು ಎಂದುಕೊಂಡಳು ಪಾರ್ವತಿಬಾಯಿ. ಕಳ್ಳನನ್ನು ಮಾಲಿನ ಸಮೇತ ಹಿಡಿಯಬೇಕು.

ಬಸ್ ಸ್ಟ್ಯಾಂಡಿನಲ್ಲಿ ಅಕ್ಕಲಕೋಟದ ಎಸ್ಟಿ ಬಸ್ಸು ಹತ್ತಿದರೆ ಜಾಗವೇ ಇಲ್ಲ. ಖಾಲಿ ಕಂಡ ಪ್ರತಿ ಸೀಟಿನ ಮೇಲೂ ಯಾರದೋ ಟಾವೆಲ್ಲು, ಯಾರದೋ ಟೋಪಿ. ಕಿಟಕಿಯಿಂದ ಒಗೆದು ಜಾಗ ಹಿಡಿದವರು ಕೆಳಗೆ ನಿಂತು ಚಹಾ ಕುಡಿಯುತ್ತಿದ್ದರು. ಪಾರ್ವತಿಬಾಯಿ ಒಂದು ಟಾವೆಲ್ಲು ಎತ್ತಿ ಪಕ್ಕಕ್ಕಿಟ್ಟಳು. ಹನ್ನೂರಿನ ಕಡೆಯ ಗಡ್ಡದ ಮುದುಕನೊಬ್ಬ ಬಂದು ಆ ಜಾಗ ತನ್ನದೆಂದು ಜಗಳ ತೆಗೆದ. ಅಕ್ಕಲಕೋಟದ ತನಕ ನಿಂತೇ ಹೋದಳು. ಆ ಮುದುಕನನ್ನೂ ಶಿವಶರಣಪ್ಪನೇ ಕಳಿಸಿರಬೇಕೆಂದು ಒಂದು ಗಳಿಗೆ ಅವಳಿಗೆ ಅನ್ನಿಸಿತೆಂದರೆ ನೀವು ನಂಬಬೇಕು.

ಸೋನಾಬಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅತ್ತಿಗೆಯನ್ನು ಕಂಡು ಮೊರ ಕೆಳಗಿಟ್ಟಳು.

"ಬಾ ವೈನಿ. ಬಿಸಿಲಾಗ ಬಂದೀದಿ. ನೀರ ಕುಡಿ ಮೊದಲ."

"ನೀರ ಆಮ್ಯಾಲೆ. ನಿನ್ನ ಮಗಾ ನನ್ನ ಕುಂಕುಮಕ್ಕ ಕೈ ಹಾಕ್ಯಾನ. ಗುಳಿಗಿ ನೆವಾ ಮಾಡಿ ನಿಮ್ಮಣ್ಣಗ ಮದಗುಣಕಿ ತಿನಿಸ್ಯಾನ."

ಸೋನಾಬಾಯಿ ಕೂತಲ್ಲಿಂದ ಏಳಲಿಲ್ಲ. ಅತ್ತಿಗೆಯ ಸ್ವಭಾವ ಅವಳಿಗೆ ಹೊಸದಲ್ಲ.

"ನಮ್ಮಣ್ಣಗ ನನ್ನ ಮಗಾ ವಿಷಾ ಹಾಕತಾನಂತ ಹೇಳಾಕ ಇಷ್ಟು ದೂರ ಬಂದ್ಯಾ? ಹಾಲು ಕುಡದವ್ರ ಬದಕೂದಿಲ್ಲ ಈ ಕಾಲದಾಗ, ವಿಷಾ ಕುಡದ ಅಣ್ಣ ಇನ್ನಾ ಹೆಂಗ ಅದಾನವ್ವ? ಒಳಗ ಅದಾನ ನೋಡು ನಿನ್ನ ಕಳ್ಳ. ನನ್ನ ಜೋಳದ ಖೋಲಿಯಾಗ ಇಲಿ ಸಾಕ್ಯಾನ. ಮಂದಿ ಮನಿಯಾಗ ಇಲಿ ಹೊಡಿತಾರ. ಇಂವಾ ಇಲಿಗಿ ರೊಟ್ಟಿ ಹಾಕತಾನ."

ಹಾಲು ಎಂಬ ಮಾತು ಪಾರ್ವತಿಬಾಯಿಯ ಕಿವಿಯ ಮೇಲಿನಿಂದ ಹಾಗೇ ಹಾದುಹೋಯಿತು. ಅವಳು ಒಳಗೆ ನಡೆದಳು.

ದಪ್ಪ ಮಣ್ಣಿನ ಮಾಳಿಗೆಯ ಆ ಖೋಲಿ ತಂಪಾಗಿತ್ತು. ಗೋಡೆಗುಂಟ ಜಾಳಿಗೆಯ ಪೆಟ್ಟಿಗೆಗಳು, ಅವುಗಳಲ್ಲಿ ಬಿಳಿ ಇಲಿಗಳು. ಶಿವಶರಣಪ್ಪ ಮೊಣಕಾಲೂರಿ ಕೂತಿದ್ದ. ಕಾಲೇಜಿನ ಇಲಿಗಳ ಕೋಣೆಯ ಮೇಲೆ ತಗಡು. ಸೋಲಾಪುರದ ಬಿಸಿಲಿಗೆ ಇಲಿಗಳು ಸಾಯುತ್ತಿದ್ದವು. ಅದಕ್ಕೇ ಪ್ರಾಧ್ಯಾಪಕರ ಒಪ್ಪಿಗೆ ಪಡೆದು ಇಲ್ಲಿಗೆ ತಂದಿದ್ದೇನೆ ಎಂದು ಅವಳು ಕೇಳುವ ಮೊದಲೇ ಹೇಳಿದ. ಬಟ್ಟೆ ಮುಚ್ಚಿದ ಪೆಟ್ಟಿಗೆಯ ಗುಟ್ಟು ಅಷ್ಟೇ. ಪಾರ್ವತಿಬಾಯಿ ನಂಬಲಿಲ್ಲ.

"ಮದಗುಣಕಿ ಯಾಕ ಒಯ್ದಿ?"

"ಅದನ್ನ ತೋರಸ್ತೀನಿ, ಬಾ ಇಲ್ಲಿ, ಕೂಡು," ಎಂದ ಅವನು. ಸಿಟ್ಟಾಗಲಿಲ್ಲ. ಇಲಿ ನೋಡಲು ಒಬ್ಬರಾದರೂ ಬಂದರಲ್ಲ ಎಂಬ ಸಂತೋಷ ಇತ್ತೋ ಏನೋ.

ಒಂದು ಪೆಟ್ಟಿಗೆಯಿಂದ ಇಲಿಯೊಂದನ್ನು ಎತ್ತಿದ. ಅದು ಒದ್ದಾಡಲಿಲ್ಲ. ನೆಲದ ಮೇಲಿದ್ದ ಸಣ್ಣ ಕಟ್ಟಿಗೆ ತುಂಡಿನ ಮೇಲೆ ಅದರ ಮುಂಗಾಲು ಎರಡನ್ನೂ ಇಟ್ಟು ಕೈ ಬಿಟ್ಟ. ಯಾವ ಇಲಿಯಾದರೂ ಕಣ್ಣು ಮಿಟುಕಿಸುವುದರೊಳಗೆ ಇಳಿದು ಓಡಬೇಕು. ಇದು ಮುಂಗಾಲು ಮೇಲಿಟ್ಟುಕೊಂಡು ಹಾಗೇ ನಿಂತಿತು. ಬೆನ್ನು ಗೂನು, ಕಣ್ಣು ಅರ್ಧ ಮುಚ್ಚಿತ್ತು. ಇನ್ನೊಂದು ಪೆಟ್ಟಿಗೆಯ ಇಲಿಯನ್ನು ಪಕ್ಕದಲ್ಲಿ ಹಾಗೇ ಇಟ್ಟ. ಅದು ಸ್ವಲ್ಪ ತಡೆದು, ಕಾಲಿಳಿಸಿ, ಅವಳ ಸೀರೆಯ ಕಡೆ ಮೂಸುತ್ತ ಬಂತು.

"ಎರಡಕ್ಕೂ ಕೈಕಾಲು ಹಿಡಿಸೋ ಮದ್ದು ಕೊಟ್ಟೀನಿ. ನಡಿಯೂದಕ್ಕ ಹುಕುಂ ಕೊಡೋ ರಸ ಮೆದುಳಿನ್ಯಾಗ ಖಾಲಿ ಮಾಡತದ ಆ ಮದ್ದು. ಅದು ಖಾಲಿ ಆದ್ರ, ನಿಲ್ಲು ಅನ್ನೋ ಇನ್ನೊಂದು ರಸದ್ದ ರಾಜ್ಯ. ಮಾವಗ ಆದಂಗ ಆಗತದ."

"ಈ ಎರಡನೇದು ಹೆಂಗ ಓಡತು?"

"ಇದಕ್ಕ ಮೊದಲ ಮದಗುಣಕಿ ಜಾತಿ ಮದ್ದು ಕೊಟ್ಟಿದ್ದೆ. ಎಸ್ಟಿಯಾಗ ಟಾವೆಲ್ ಒಗದು ಜಾಗಾ ಹಿಡಿತಾರಲ್ಲ ಅತ್ತಿ, ಹಂಗ. ನಿಲ್ಲು ಅನ್ನೋ ರಸ ಬಂದು ಕೂಡ್ರೂ ಜಾಗಾದ ಮ್ಯಾಲೆ ಇದು ಮೊದಲ ಟಾವೆಲ್ ಹಾಕಿ ಇಡತದ. ಆ ರಸ ಬರತದ, ನೋಡತದ, ಜಾಗಾ ಇಲ್ಲ. ಕಾಲು ಉಳಿತಾವ. ಮಾವನ ಗುಳಿಗಿನೂ ಅದ ಕೆಲಸ ಮಾಡತದ. ಮನಶ್ಯಾರಿಗೆ ಎಷ್ಟು ಕೊಟ್ರ ಕಾಲು ನಡಿತಾವ, ತಲಿ ಕೆಡೂದಿಲ್ಲ, ಅದು ತಿಳಿಬೇಕು. ಅದಕ್ಕ ಈ ಇಲಿ."

ಎಸ್ಟಿಯಲ್ಲಿ ನಿಂತು ಬಂದ ಪಾರ್ವತಿಬಾಯಿಗೆ ಟಾವೆಲ್ಲಿನ ಮಾತು ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಅವಳ ಕಣ್ಣು ಓಡಿದ ಇಲಿಯ ಮೇಲೆ ಇರಲೇ ಇಲ್ಲ. ಮೊದಲನೆಯ ಇಲಿ ಇನ್ನೂ ಮುಂಗಾಲು ಕೆಳಗಿಳಿಸಿರಲಿಲ್ಲ. ಅವಳು ಬಾಗಿ ತನ್ನ ಬೆರಳಿನಿಂದಲೇ ಆ ಕಾಲು ಕೆಳಗಿಟ್ಟಳು. ಕೆಳಗೇ ಉಳಿಯಿತು. ಮತ್ತೆ ಮೇಲಿಟ್ಟಳು. ಮೇಲೇ ಉಳಿಯಿತು. ಅಂಗಿಯ ತೋಳಿಗಾಗಿ ಎತ್ತಿ ಹಿಡಿದ ಕೈ ಅವಳಿಗೆ ನೆನಪಾಯಿತು.

"ಇದಕ್ಕ ಕೊಟ್ಟ ಮದ್ದು ಯಾವದು?"

"ಸರ್ಪಗಂಧದ ಬೇರಿನಾಗಿಂದು ತೆಗದ ಸತ್ವ. ನಿಮ್ಮ ಅಂಗಡಿಯಾಗ ಚೀಲದಾಗ ಬಿದ್ದಿರತದಲ್ಲ, ಅದ ಬೇರು. ರಕ್ತದೊತ್ತಡಕ್ಕ, ಹುಚ್ಚಿಗೆ ಡಾಕ್ಟರ ಮಂದಿನೂ ಕೊಡತಾರ. ಹೆಚ್ಚಾತು, ಭಾಳ ದಿನಾ ಆತು ಅಂದ್ರ ಕೈಕಾಲು ಹಿಡಸತದ."

ಪಾರ್ವತಿಬಾಯಿ ನೆಲಕ್ಕೆ ಕೈಯೂರಿ ಕೂತಳು. ಮನೆಮಂದಿಯನ್ನೆಲ್ಲ ಒಬ್ಬೊಬ್ಬರನ್ನಾಗಿ ಜರಡಿ ಹಿಡಿದವಳು ಅವಳು. ನಾದಿನಿ, ನಾದಿನಿಯ ಮಗ, ಡಾಕ್ಟರು, ಬಸ್ಸಿನ ಮುದುಕ. ಜರಡಿ ಹಿಡಿದ ಕೈ ಯಾರದೆಂದು ನೋಡಿಕೊಂಡಿರಲಿಲ್ಲ. ಈಗ ನೋಡಿದಳು.

ಇಲಿಯ ಕಡೆ ಬೆರಳು ಮಾಡಿ ಕೇಳಿದಳು: "ಕೊಡೂದು ಬಿಟ್ರ ಇದು ಮತ್ತ ನಡಿತದೇನು?"

"ಇಲಿ ಅಂದ್ರ ಕೆಲವು ದಿನದಾಗ ನಡಿತದ. ಮನಶ್ಯಾಗ ತಿಂಗಳುಗಟ್ಟಲೆ ಹಿಡಿಬಹುದು. ಕೆಲವರಿಗೆ ಪೂರಾ ಹೋಗೂದಿಲ್ಲ." ಶಿವಶರಣಪ್ಪ ಮಾತು ನಿಲ್ಲಿಸಿ ಅತ್ತೆಯ ಮುಖ ನೋಡಿದ. "ಯಾಕ ಅತ್ತಿ? ಮಾವ ಅಂಗಡಿದು ಏನರ ತಗೋತಾನೇನು?"

"ಇಲ್ಲ. ಸುಮ್ಮ ಕೇಳಿದೆ," ಎಂದಳು ಪಾರ್ವತಿಬಾಯಿ. ಈ ಸಲ ಸುಳ್ಳೆಂದು ಗೊತ್ತಿದ್ದೇ ಹೇಳಿದಳು.

ಹಿಂತಿರುಗುವ ಬಸ್ಸಿನಲ್ಲಿ ಜಾಗ ಸಿಕ್ಕಿತು. ಕೂತು ಯೋಚಿಸಿದಳು. ಡಬ್ಬಿ ಬಚ್ಚಲಿಗೆ ಚೆಲ್ಲಿದರೆ ಆಯಿತು, ಯಾರಿಗೆ ತಿಳಿಯುತ್ತದೆ? ಗಂಡ ಗುಣವಾದರೆ ಪೂಜೆಯ ಫಲ ಎನ್ನುತ್ತಾರೆ. ಆಗದಿದ್ದರೆ ಶಿವಶರಣಪ್ಪ ಇದ್ದೇ ಇದ್ದಾನೆ, ಮಸಿ ಆಗಲೇ ಬಳಿದಾಗಿದೆ. ಹಾವೂ ಸಾಯದೆ ಕೋಲೂ ಮುರಿಯದೆ ದಾಟಿಹೋಗುವ ದಾರಿ. ಸೋಲಾಪುರದ ಗಿರಣಿಯ ಚಿಮಣಿ ಕಾಣುವಷ್ಟರಲ್ಲಿ ಅವಳು ಆ ದಾರಿಯನ್ನೇ ಹಿಡಿದಿದ್ದಳು. ಮನೆಗೆ ಬಂದವಳೇ ಡಬ್ಬಿ ಚೆಲ್ಲಿದಳು, ತೊಳೆದು ಬೋರಲು ಹಾಕಿದಳು.

ಅಷ್ಟಕ್ಕೇ ಬಿಡುತ್ತಿದ್ದಳೋ ಏನೋ. ಆದರೆ ಗಂಡನ ಹಾಸಿಗೆ ಸರಿಮಾಡಲು ಹೋದಾಗ ಅವನು ತುಟಿ ಅಲುಗಿಸಿದ. ಅವಳು ಕಿವಿ ಹತ್ತಿರ ಒಯ್ದಳು. ಒಂದೊಂದೇ ಮಾತು ಎಳೆದು ಹೊರಹಾಕಿದ ಸಾತಲಿಂಗಪ್ಪ.

"ನೀ ಹೇಳಿದ್ದು ಖರೇ, ಪಾರೂ. ಎಲ್ಲಾರೂ ಕೂಡಿ ಕೊಲ್ಲಾಕತ್ತಾರ. ನಿನ್ನ ಕೈಯಾಂದು ಬಿಟ್ಟು ನಾ ಯಾರದೂ ತಿನ್ನಂಗಿಲ್ಲ."

ಪಾರೂ ಎಂದು ಅವನು ಕರೆದದ್ದು ಅದೇ ಮೊದಲು. ಹೊಡೆದಾಗ ಅಳದವಳು ಈಗ ಬಾಯಿಗೆ ಸೆರಗಿಟ್ಟುಕೊಂಡು ಅತ್ತಳು. ಆಮೇಲೆ ಅವನ ಮುಂದೆ ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಚಪಳಗಾಂವದ ಅವ್ವ, ಡಬ್ಬಿ, ಒಂದು ಚಿಟಿಕೆ, ಎರಡು ಚಿಟಿಕೆ, ಕಟ್ಟಿಗೆ ತುಂಡಿನ ಮೇಲೆ ನಿಂತ ಇಲಿ. "ನಿಮ್ಮ ಸಿಟ್ಟಿಗೆ ಅಂಜಿ ಹಾಕಿದೆ. ಶಿವ್ಯಾಂದು ಏನೂ ತಪ್ಪಿಲ್ಲ. ನಿಮಗ ಕೈಕಾಲು ಹಿಡಿಸಿದಾಕಿ ನಾನ," ಎಂದಳು.

ಹೇಳಿ ಮುಖ ನೋಡಿದಳು. ಮುಖದಲ್ಲಿ ಏನೂ ಇಲ್ಲ. ಸಿಟ್ಟೋ, ಕ್ಷಮೆಯೋ, ಕೇಳಿಸಿತೋ ಇಲ್ಲವೋ, ಆ ಮುಖದಲ್ಲಿ ತಿಳಿಯುವ ಹಾಗೆಯೇ ಇಲ್ಲ. ಹಾಗೆ ಮಾಡಿದವಳು ತಾನೇ ಅಲ್ಲವೇ? ಕಣ್ಣು ಮಾತ್ರ ಸ್ವಲ್ಪ ಹೊತ್ತು ಅವಳ ಮೇಲೆ ನಿಂತು ಆಮೇಲೆ ಗೋಡೆಯ ಕಡೆ ಹೊರಳಿತು.

ಮರುದಿನ ಬಸಣ್ಣನನ್ನು ಅಕ್ಕಲಕೋಟಕ್ಕೆ ಅಟ್ಟಿದಳು. ಶಿವಶರಣಪ್ಪ ಬಂದ, ಕೇಳಿದ, ಒಂದು ಮಾತೂ ಆಡಿ ತೋರಿಸಲಿಲ್ಲ. ಡಾಕ್ಟರಿಗೆ ಎಲ್ಲ ತಿಳಿಸಿ ಗುಳಿಗೆಯನ್ನು ಅರ್ಧಕ್ಕಿಳಿಸಿ ಮತ್ತೆ ಕೊಡಿಸಿದ. ಬೇರು ಮೈಯಿಂದ ಹೋಗುವ ತನಕ ಇದು ಜಾಗ ಹಿಡಿದು ಕೂತಿರಲಿ ಎಂದ. ಪಾರ್ವತಿಬಾಯಿ ತಾನು ಮಸಿ ಬಳಿದು ಬಂದ ನಾಲ್ಕೂ ಮನೆಗೆ ಮತ್ತೆ ಹೋದಳು. ಆ ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡು ಕೇಳಿ, ಅವಳು ಹೊರಟ ಮೇಲೆ ಏನಂದುಕೊಂಡರೋ. ಈ ಸಲ ಅವಳು ತಿರುಗಿ ನೋಡಲಿಲ್ಲ.

ಆಮೇಲೆ ಶುರುವಾಯಿತು ಕಾಯುವುದು. ದಿನಾ ಬೆಳಿಗ್ಗೆ ಉಮಾಬಾಯಿ ಮಾವನ ಅಂಗೈ ಕೆಳಗೆ ತನ್ನ ಅಂಗೈ ಒಡ್ಡುವಳು, ಲಿಂಗ ಅಲ್ಲಿ ನಿಲ್ಲುವುದು. ಮನೆಯವರೆಲ್ಲ ಕೈ ನೋಡಿದರೆ ಪಾರ್ವತಿಬಾಯಿ ಮುಖ ನೋಡುವಳು. ಗಂಡ ಅವಳು ಬಡಿಸಿದ್ದನ್ನು ಉಣ್ಣುತ್ತಿದ್ದ. ತುತ್ತು ಬಾಯಿಗಿಟ್ಟರೆ ಬಾಯಿ ತೆರೆಯುತ್ತಿದ್ದ. ಅದು ನಂಬಿಕೆಯೋ, ಬೇಡವೆನ್ನಲು ಕೈ ಏಳದ ಅಸಹಾಯಕತೆಯೋ ಅವಳಿಗೆ ತಿಳಿಯಲಿಲ್ಲ. ಸಂಶಯಪಡುವುದರಲ್ಲಿ ಪಳಗಿದ ಜೀವಕ್ಕೆ ಅದಕ್ಕಿಂತ ದೊಡ್ಡ ಶಿಕ್ಷೆ ಯಾವುದಿದೆ?

ಮಳೆ ಬಂತು. ಸಾತಲಿಂಗಪ್ಪನ ಕಾಲು ಹೊಸ್ತಿಲಲ್ಲಿ ಅಂಟುವುದು ಕಡಿಮೆಯಾಯಿತು. ಎತ್ತಿ ಹಿಡಿದ ಕೈ ತಾನಾಗಿ ಇಳಿಯಿತು. ಅಂಗಿಯ ಗುಂಡಿಗೆ ತಾನೇ ಬೆರಳು ಹಾಕಿದ. ದನಿ ಬಂತು. ಗುಳಿಗೆಯನ್ನು ಡಾಕ್ಟರು ನಿಲ್ಲಿಸಿದರು, ಆದರೂ ಕೈಯ ನಡುಕ ಮತ್ತೆ ಹೆಚ್ಚಲಿಲ್ಲ. ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಉಮಾಬಾಯಿ ಅಂಗೈ ಒಡ್ಡಲು ಬಂದಾಗ "ಬಿಡು" ಎಂದ. ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡ. ವಿಭೂತಿ ಏರಿಸಿದ, ಪತ್ರಿ ಏರಿಸಿದ, ಕಣ್ಣು ನೆಟ್ಟ. ಬಸಣ್ಣ ಬಾಗಿಲಲ್ಲಿ ಉಸಿರು ಹಿಡಿದು ನಿಂತ. ಹೆಬ್ಬೆರಳು ಒಮ್ಮೆ ಅದುರಿ ಸುಮ್ಮನಾಯಿತು. ಲಿಂಗ ನಿಂತಿತು.

ಪಾರ್ವತಿಬಾಯಿ ಅಡುಗೆಮನೆಗೆ ಓಡಿದಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೇಲೆ ಬೆಣ್ಣೆ. ಎಲ್ಲ ಬಡಿಸಿ ತಾಟು ಹಚ್ಚಿ ತಂದು ಗಂಡನ ಮುಂದಿಟ್ಟಳು. ಅವನು ತಾಟು ನೋಡಿದ. ಆಮೇಲೆ ತಲೆ ಎತ್ತಿ ಅವಳನ್ನು ನೋಡಿದ. ಎರಡು ವರ್ಷದಿಂದ ಬರಿದಾಗಿದ್ದ ಮುಖದಲ್ಲಿ ಹುಬ್ಬು ಕೂಡಿತು, ಕಣ್ಣಿನ ಸುತ್ತ ಗೆರೆ ಬಿತ್ತು. ಸಿಟ್ಟಾಗಿದ್ದರೆ ಅವಳು ಸಹಿಸುತ್ತಿದ್ದಳು, ಸಿಟ್ಟಿನ ಗುರುತು ಅವಳಿಗಿತ್ತು. ಇದು ಸಿಟ್ಟಲ್ಲ. ಗೌಳಿಗನ ಹಾಲಿಗೆ ಬೆರಳು ಅದ್ದುವಾಗ ತನ್ನ ಮುಖದಲ್ಲಿ ಏನಿರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆದರೂ ನೋಡಿದ ಕೂಡಲೇ ತಿಳಿಯಿತು.

ಅವನು ತಾಟನ್ನು ಎರಡು ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ಸರಿಸಿದ.

"ಉಮಾ, ಇನ್ನ ಮುಂದ ನನ್ನ ತಾಟ ನೀ ಹಚ್ಚು."

ಉಮಾಬಾಯಿ ನಿಂತಲ್ಲೇ ನಿಂತು ಅತ್ತೆಯ ಮುಖ ನೋಡಿದಳು. ಪಾರ್ವತಿಬಾಯಿ ತಾಟು ಎತ್ತಿಕೊಂಡಳು. ರೊಟ್ಟಿಯ ಮೇಲಿನ ಬೆಣ್ಣೆ ಜಾರಿತು.

"ಹಚ್ಚವ್ವ, ಹಸದಾರ," ಎಂದು ಹೇಳಿ ಒಲೆಯ ಮುಂದಿನ ಮಣೆ ಬಿಟ್ಟುಕೊಟ್ಟಳು.